ಆಶಾ ಬಸುರಾದ ಭಾನುವಾರ

ಚಂದ್ರಹಾಸ ಎಂಟು ತಿಂಗಳಿಂದ ಗ್ರೀಕ್ ಕಲಿಯುತ್ತಿದ್ದ. ಕೇಡು ಶುರುವಾದದ್ದೇ ಅಲ್ಲಿಂದ. ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಶೀಶೆಗಳ ಲೇಬಲ್ ಸರಿಯಿದೆಯೇ ಎಂದು ದಿನವಿಡೀ ನೋಡುವವನಿಗೆ, ಬೈಬಲಿನ ಮಾತುಗಳ ಮೇಲಿನ ಲೇಬಲೂ ಸರಿಯೋ ಅಲ್ಲವೋ ಎಂಬ ಅನುಮಾನ ಹತ್ತಿತ್ತು. ಅನುಮಾನದ ಹುಳ ತಲೆ ಹೊಕ್ಕರೆ ಬಿಡುತ್ತದೆಯೇ?

ಆ ಭಾನುವಾರ ಪಾದ್ರಿಗಳಿಗೆ ಜ್ವರ. ಬೇಗಂಪೇಟೆಯ ಚರ್ಚಿನ ಕನ್ನಡ ಸಭೆಯಲ್ಲಿ ಪ್ರಸಂಗ ಮಾಡುವ ಭಾಗ್ಯ ಚಂದ್ರಹಾಸನಿಗೆ ಬಂತು. ಮುಂದಿನ ಬೆಂಚಿನಲ್ಲೇ ಸುಗುಣಮ್ಮ ಕುಳಿತಿದ್ದರು. ನರ್ಸ್ ಆಗಿದ್ದ ಮಗಳು ಕೋಕಿಲಾಳನ್ನು ಇವನಿಗೆ ಕೊಡಬಹುದೋ ಹೇಗೋ ಎಂದು ನೋಡಲು ಬಂದ ತೆಲುಗು ತಾಯಿ. ತೀರಿಹೋದ ಗಂಡ ರಾಯಚೂರಿನವರಾದ್ದರಿಂದ ಅರ್ಧಂಬರ್ಧ ಕನ್ನಡ ತಿಳಿಯುತ್ತಿತ್ತು. ಮೂವತ್ತಾರು ದಾಟಿದ ಚಂದ್ರಹಾಸನಿಗೆ ಇದು ಏಳನೆಯ ಸಂಬಂಧ. ಪಾಪ, ಆರೂ ಮುರಿದಿದ್ದವು.

“ಆಶಾದಿಂದ ಪಾಪ ಬರ್ತೈತಿ ಅಂತೀವಿ. ಅಷ್ಟ ಅಲ್ಲ!” ಚಂದ್ರಹಾಸ ದನಿ ಏರಿಸಿದ. “ಮೂಲ ಗ್ರೀಕಿನ್ಯಾಗ ಏನೈತಿ ಗೊತ್ತೇನು? ಆಶಾ ಬಸರಾಗಿ ಪಾಪ ಹಡೀತೈತಿ! ನನಗೂ ಒಂದು ಪಾಪ ಐತಿ. ಐದು ವರ್ಷದಿಂದ ಯಾರಿಗೂ ಗೊತ್ತಾಗಧಂಗ ಮುಚ್ಚಿಟ್ಟೀನಿ!”

“ಅಯ್ಯೋ ದೇವುಡಾ!” ಎಂದ ಸುಗುಣಮ್ಮ ಎದ್ದು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಸಂಬಂಧ ತಂದಿದ್ದ ಸಭೆಯ ಹಿರಿಯ ದೇವದಾನಪ್ಪ ಬೆನ್ನಟ್ಟಿ ಹೋಗಿ, ಏದುಸಿರು ಬಿಡುತ್ತ ಮರಳಿದರು. “ಏನ್ ಮಾಡಿದ್ಯೋ ಮಾರಾಯಾ! ತೆಲುಗಿನ್ಯಾಗ ಪಾಪ ಅಂದ್ರ ಹೆಣ್ಣುಕೂಸು. ಆಶಾ ಅನ್ನಾಕಿ ಬಸರಾಗಿ ಹಡದಾಳ, ನೀ ಕೂಸು ಮುಚ್ಚಿಟ್ಟಿ ಅಂತ ತಿಳಕೊಂಡಾರ!”

“ನೀವರ ಬಿಡಿಸಿ ಹೇಳಬೇಕಿತ್ತಲ್ಲರಿ?”

“ಹೇಳೋದ್ರಾಗ ಆಟೋ ಹತ್ತಿದ್ರು.”

ಹತ್ತು ಸಲ ಫೋನ್ ಮಾಡಿದರೂ ಸುಗುಣಮ್ಮ ಎತ್ತಲಿಲ್ಲ. ಆದದ್ದನ್ನು ಬಿಡಿಸಿ ಹೇಳಹೊರಟ ದೇವದಾನಪ್ಪನವರ ಫೋನನ್ನು ಮಾತ್ರ ಊರೆಲ್ಲ ಎತ್ತಿ, ಅರ್ಧ ಕೇಳಿ ಇಟ್ಟಿತ್ತು. ಚಂದ್ರಹಾಸ ಮನೆ ಮುಟ್ಟುವಷ್ಟರಲ್ಲಿ ಕೆಳಗಿನ ಮನೆಯ ಶರಣಬಸಮ್ಮ ಹಾಲಿನ ಪಾಕೀಟು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು.

“ಕೂಸಿಗೆ ಹಾಲು ಯಾರು ಕಾಸಿ ಕೊಡ್ತಾರೋ ಎಪ್ಪಾ? ಆಶಾನ್ನೂ ಕರ್ಕೊಂಡು ಬಾ, ನಾವೇನು ಅನ್ನಂಗಿಲ್ಲ.”

“ಅಕ್ಕಾರ, ಆಶಾ ಅಂದ್ರ ಬಯಕಿ ರೀ!”

“ಬಯಕಿ? ಯವ್ವಾ, ಮತ್ತ ಬಸರಾಗ್ಯಾಳ?”

ಚಂದ್ರಹಾಸ ಬಾಗಿಲು ಹಾಕಿಕೊಂಡು ಗ್ರೀಕ್ ನಿಘಂಟನ್ನು ಮಂಚದ ಕೆಳಗೆ ತಳ್ಳಿದ. ಊಟವೂ ಸೇರಲಿಲ್ಲ.

ಸಂಜೆ ಬಾಗಿಲು ಬಡಿದ ಸದ್ದಾಯಿತು. ಸುಗುಣಮ್ಮ, ಜೊತೆಗೆ ಕೋಕಿಲಾ. ಅವಳ ಕೈಯಲ್ಲಿ ಐದು ವರ್ಷದ ಮಗುವಿಗಾಗುವ ಗುಲಾಬಿ ಫ್ರಾಕು!

“ಅಮ್ಮ ಭಾಳ ಅತ್ಲರಿ. ನಾನ ಸಮಾಧಾನ ಮಾಡ್ದೆ,” ಎಂದಳು ಕೋಕಿಲಾ. “ನಾಲ್ಕು ಮಂದಿ ಮುಂದ ತನ್ನ ತಪ್ಪು ಒಪ್ಪಿಕೊಳ್ಳೋ ಗಂಡಸು ಎಲ್ಲಿ ಸಿಗ್ತಾನ? ನಿಮ್ಮ ಪಾಪೂನ ನಾ ಸಾಕ್ತೀನಿ. ಎಲ್ಲೈತಿ, ಕರೀರಿ.”

ಚಂದ್ರಹಾಸನಿಗೆ ಕಣ್ಣು ತುಂಬಿ ಬಂತು. ಎಂಥ ಹುಡುಗಿ! “ಕೂಸೇ ಇಲ್ಲರಿ! ನಾ ಹೇಳಿದ್ದು ಪಾಪ-ಪುಣ್ಯದ ಪಾಪ!”

“ಹೌದೇನು? ಹಂಗಾದ್ರ ಐದು ವರ್ಷ ಮುಚ್ಚಿಟ್ಟ ಆ ಪಾಪ ಯಾವುದು?”

“ಅದೂ ಇಲ್ಲರಿ. ಮಂದಿ ಎದಿಗೆ ನಾಟ್ಲಿ ಅಂತ ಹಂಗ ಅಂದಿದ್ದೆ.”

ಕೋಕಿಲಾ ಫ್ರಾಕನ್ನು ನಿಧಾನವಾಗಿ ಮಡಚಿದಳು.

“ದೇವರ ಮುಂದ ನಿಂತು ಸುಳ್ಳು ಹೇಳಿದ್ರಿ. ಕೂಸಿದ್ದಿದ್ರ ಸಾಕ್ತಿದ್ದೆರಿ. ಸುಳ್ಳ ಹೇಳಾವನ್ನ ಹೆಂಗ ಸಾಕಲಿ? ನಡಿ ಅಮ್ಮಾ.”