ಮೇಷ್ಟ್ರ ದುಂಬಿಗಳೂ ನನ್ನ ಅಕ್ಷರವೂ

ಬದುಕಿರುವ ಹುಳಗಳಿಗಿಂತ ಸತ್ತ ಹುಳಗಳಿಂದಲೇ ನಾನು ಹೆಚ್ಚು ಫಜೀತಿ ಪಟ್ಟಿದ್ದೇನೆ. ಮಹಾರಾಜರ ಕಾಲದಲ್ಲಿ ಶಿವಮೊಗ್ಗದ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ ಗುಮಾಸ್ತನಾಗಿದ್ದೆ. ನನ್ನ ಮೇಲಿದ್ದವರು ಒಬ್ಬ ಮುದುಕ ಮೇಷ್ಟ್ರು. ಪ್ರಾಯದಲ್ಲಿ ಹಿಮಾಲಯ ಹತ್ತಿ ದಪ್ಪ ರೋಮದ ದುಂಬಿಗಳನ್ನು ಹಿಡಿದು ತಂದವರು. ಪ್ರತಿ ದುಂಬಿಯ ಸೂಜಿಗೂ ಒಂದು ಪುಟ್ಟ ಚೀಟಿ: ಯಾವ ಬೆಟ್ಟ, ಎಷ್ಟು ಎತ್ತರ, ಯಾವ ದಿನ.

"ಹುಳ ಏನೂ ಅಲ್ಲ ಕಣಯ್ಯ, ಚೀಟಿನೇ ಮುಖ್ಯ. ಅದು ಹೋದ್ರೆ ನಾನು ಹತ್ತಿದ ಬೆಟ್ಟವೆಲ್ಲ ಹೋದ ಹಾಗೆ" ಎನ್ನುತ್ತಿದ್ದರು. ಚೀಟಿಯಲ್ಲಿದ್ದದ್ದನ್ನು ರಿಜಿಸ್ಟರಿಗೆ ಏರಿಸುವ ಕೆಲಸ ನನ್ನದು. ನನ್ನದು ಮುತ್ತಿನಂಥ ಅಕ್ಷರ ಅಂತ ಜಂಬ ಬೇರೆ. ದಿನಕ್ಕೆ ಎರಡೇ ಚೀಟಿ ಏರಿಸುತ್ತಿದ್ದೆ.

ಆಯನೂರಿನ ಗೌಡರು

ಮ್ಯೂಸಿಯಂ ನೋಡಲು ಬಂದ ಗೌಡರೊಬ್ಬರು ದುಂಬಿ ಪೆಟ್ಟಿಗೆಯ ಮುಂದೆ ನಿಂತರು.

"ಇವು ಎಷ್ಟು ಜೇನು ಕೊಡ್ತವೆ?"

"ನಮ್ಮ ಕೈಗೆ ಸಿಗೋಷ್ಟು ಇಲ್ಲ" ಅಂದರು ಮೇಷ್ಟ್ರು.

"ಕುಟುಕ್ತವಾ?"

"ಚೆನ್ನಾಗಿ ಕುಟುಕ್ತವೆ."

"ಕುಟುಕಿಸ್ಕೊಳ್ಳೋಕೆ ಅಷ್ಟು ದೂರ ಹೋಗಿದ್ರಾ ಸ್ವಾಮಿ? ಆಯನೂರಿಗೆ ಬಂದಿದ್ರೆ ಆಗ್ತಿತ್ತಲ್ಲ!"

ಭದ್ರಾವತಿ ರೈಲು

ಭದ್ರಾವತಿಯಲ್ಲೊಂದು ವಸ್ತುಪ್ರದರ್ಶನ. ದುಂಬಿ ಪೆಟ್ಟಿಗೆ ಹೊತ್ತು ಮೇಷ್ಟ್ರೂ ನಾನೂ ಹೊರಟೆವು. ರೈಲಿನಲ್ಲಿ ಕಾಲಿಡಲು ಜಾಗವಿಲ್ಲ. ಯಾರೋ ಪೆಟ್ಟಿಗೆಯಲ್ಲಿ ಏನು ಅಂದರು, ದುಂಬಿ ಅಂದೆ. ಅರ್ಧ ಬೋಗಿ ಖಾಲಿ! ಪಾಪ, ಸತ್ತಿವೆ ಅಂತ ಹೇಳೋಣವೆಂದು ಬಾಯಿ ತೆರೆದರೆ ಮೇಷ್ಟ್ರು ತೊಡೆ ಚಿವುಟಿದರು.

"ಭದ್ರಾವತಿ ಬರೋವರೆಗೂ ಬದುಕಿರಲಿ ಬಿಡು ಮಾರಾಯ. ಕಾಲು ಚಾಚು."

ಆಯುಧಪೂಜೆ

ದಸರೆಗೆ ಮೇಷ್ಟ್ರು ಊರಿಗೆ ಹೋಗಿದ್ದರು. ಕಾರ್ಖಾನೆಯವರು ಯಂತ್ರ ಪೂಜಿಸುತ್ತಾರೆ, ನಾವು ಯಾವುದನ್ನು ಪೂಜಿಸೋದು? ಚೀಟಿನೇ ಮುಖ್ಯ ಅಂತ ಮೇಷ್ಟ್ರೇ ಹೇಳಿದ್ದರಲ್ಲ! ಅಷ್ಟೂ ಚೀಟಿಗಳನ್ನು ಸೂಜಿಯಿಂದ ಬಿಡಿಸಿ ಹಿತ್ತಾಳೆ ತಟ್ಟೆಯಲ್ಲಿ ಸಾಲಾಗಿ ಜೋಡಿಸಿದೆ. ಪುರೋಹಿತರು ಧಾರಾಳಿ. ಕಳಶದ ನೀರನ್ನು ಮೂರು ಸಲ ಪ್ರೋಕ್ಷಿಸಿದರು, ಅರಿಸಿನ ಕುಂಕುಮ ಸುರಿದರು. ನಾನು ಭಕ್ತಿಯಿಂದ ಕಣ್ಣು ಮುಚ್ಚಿದ್ದೆ. ಬಿಟ್ಟು ನೋಡಿದರೆ ಶಾಯಿಯೆಲ್ಲ ಕರಗಿ ತಟ್ಟೆಯಲ್ಲಿ ನೀಲಿ ನೀರು ನಿಂತಿತ್ತು.

ಮೇಷ್ಟ್ರು ಬಂದರು. ತಟ್ಟೆ ನೋಡಿ ಕುರ್ಚಿಯಲ್ಲಿ ಕೂತರು.

"ರಿಜಿಸ್ಟರಿಗೆ ಎಷ್ಟು ಏರಿಸಿದ್ದೀಯ?"

"ಒಂದೇ ಪುಟ ಸಾರ್. ಅಕ್ಷರ ಚೆನ್ನಾಗಿ ಬರಲಿ ಅಂತ ನಿಧಾನಕ್ಕೆ..."

ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ದುಂಬಿ ಪೆಟ್ಟಿಗೆಯ ಮುಚ್ಚಳ ಹಾಕಿ ಹೇಳಿದರು, "ಎಲ್ಲಕ್ಕೂ ಸೇರಿಸಿ ಒಂದೇ ಚೀಟಿ ಬರಿ. 'ಹಿಮಾಲಯದಿಂದ ಹೊರಟವು. ಶಿವಮೊಗ್ಗದಲ್ಲಿ ಕಳೆದುಹೋದವು.'"

ದುಂಡಗೆ ಬರೆದು ಕೊಟ್ಟೆ. ಮೇಷ್ಟ್ರು ಕನ್ನಡಕ ಏರಿಸಿ ಓದಿದರು.

"ಅಕ್ಷರ ಮಾತ್ರ ಚೆನ್ನಾಗಿದೆ ಕಣಯ್ಯ."