ಮೂವತ್ತೆರಡು ಎಂಬಿಯ ಈಶ್ವರ

ಹೆದರಿಕೆಯಲ್ಲಿ ನನಗೊಂದು ಶಿಸ್ತಿದೆ. ತಪ್ಪು ಮಾಡುವಾಗ ಹೆದರುವುದಿಲ್ಲ. ಅದು ಅಂಚೆ ಡಬ್ಬಿಗೆ ಬಿದ್ದ ಮೇಲೆ ನಿಧಾನವಾಗಿ ಶುರು ಮಾಡುತ್ತೇನೆ. ಆ ದಿನದ ಬೆಳಗು ಮಾತ್ರ ಎಂದಿನಂತೆಯೇ ಆಯಿತು. ಕಾಗದದ ಕಾರ್ಖಾನೆಯ ಭೋಂಗಾ ಕೂಗಿತು. ನಮ್ಮವರು ರೊಟ್ಟಿ, ಝುಣಕದ ಡಬ್ಬಿ ಹಿಡಿದು ಸೈಕಲ್ ಏರಿದರು. ದಾಂಡೇಲಿಯವರ ಮೂಗಿಗೆ ಮಾತ್ರ ಗೊತ್ತಾಗದ ಆ ಕಾಗದದ ವಾಸನೆ ಕಿಟಕಿಯಿಂದ ಒಳಗೆ ಬಂತು. ನಮ್ಮತ್ತೆ ಸ್ನಾನ ಮುಗಿಸಿ, ಮಡಿಸೀರೆ ಉಟ್ಟು, ಪೂಜೆಗೆಂದು ಕಂಪ್ಯೂಟರಿನ ಎದುರು ಕೂತರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮವರ ಆಫೀಸಿನಲ್ಲಿ ಹಳತಾಯಿತೆಂದು ಹೊರಹಾಕಿದ ಯಂತ್ರ ಅದು. ಮೆಮೊರಿ ಒಟ್ಟು ಮೂವತ್ತೆರಡು ಎಂಬಿ. ಮನೆಗೆ ಬಂದ ದಿನವೇ ನಮ್ಮವರ ಗೆಳೆಯರೊಬ್ಬರು ಪ್ರೀತಿಯಿಂದ ಅದರೊಳಗೊಬ್ಬ ಈಶ್ವರನನ್ನು ಕೂರಿಸಿಕೊಟ್ಟಿದ್ದರು. ಸ್ವಿಚ್ ಹಾಕಿ, ಯಂತ್ರ ಗೊರಗುಟ್ಟಿ ಎಚ್ಚರಾಗುತ್ತಲೇ ಪರದೆಯ ಮೂಲೆಯಲ್ಲೊಂದು ಲಿಂಗ ಮೂಡುತ್ತದೆ, ಗಂಟೆ ಬಾರಿಸುತ್ತದೆ, ಮೇಲಿಂದ ಬಿಲ್ವಪತ್ರೆ ಉದುರತೊಡಗುತ್ತದೆ. ಎಷ್ಟು ಉದುರಿದರೂ ಗುಡಿಸುವ ಕೆಲಸವಿಲ್ಲವೆಂದು ನನಗೂ ಸಮಾಧಾನ. ಅತ್ತೆ ಮಾನಿಟರಿನ ನೆತ್ತಿಗೆ ಮೂರು ಬೆರಳಿನಿಂದ ವಿಭೂತಿ ಎಳೆದು, ಕೀಬೋರ್ಡಿನ ಮೇಲೊಂದು ದಾಸವಾಳ ಇಟ್ಟು ಕೈಮುಗಿಯುತ್ತಾರೆ. ನಾನು ಟೈಪು ಮಾಡುವ ಮೊದಲು ಹೂವನ್ನು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಡುತ್ತೇನೆ. ಮೂರು ತಿಂಗಳ ಕಂಪ್ಯೂಟರ್ ಕ್ಲಾಸಿನಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ.

ಆ ದಿನ ನನಗೆ ಯಂತ್ರ ತುರ್ತಾಗಿ ಬೇಕಿತ್ತು. ನಾನು ಓದಿದ ಕಾನ್ವೆಂಟಿನ ಸ್ಮರಣ ಸಂಚಿಕೆ ಅಚ್ಚಿಗೆ ಹೊರಟಿತ್ತು. ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬಿಯಾಟ್ರಿಸ್ ಕುರಿತು ನಾನೊಂದು ಲೇಖನ ಕೈಯಲ್ಲಿ ಬರೆದು ಕಳಿಸಿದ್ದೆ. ಬರೆಯುವ ಹುರುಪಿನಲ್ಲಿ ಒಂದು ಸಾಲು ಬಂದುಬಿಟ್ಟಿತ್ತು: "ಪ್ರಾರ್ಥನೆಯಲ್ಲಿ ಸಿಸ್ಟರ್ ಕಣ್ಣು ಮುಚ್ಚಿದರೆ ದೇವರ ಜೊತೆ ಮಾತಾಡುತ್ತಿದ್ದಾರೆಂದು ನಂಬಿದ್ದೆವು, ಗೊರಕೆ ಕೇಳಿದ ಮೇಲೆ, ದೇವರೇ ಇವರ ನಿದ್ದೆಗೆ ಕಾವಲು ಕೂತಿರಬೇಕೆಂದು ತಿಳಿದೆವು." ಕಳಿಸುವ ಮುಂಚೆ ಅದನ್ನು ಹೊಡೆದುಹಾಕಿದೆನೋ ಇಲ್ಲವೋ, ಆಣೆಗೂ ನೆನಪಿರಲಿಲ್ಲ. ಹಾಸ್ಟೆಲಿನಲ್ಲಿ ನನಗೆ ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದ ಕೈ ಅವರದು. ಸಮಾರಂಭದಲ್ಲಿ ಮೊದಲ ಪ್ರತಿಯನ್ನು ವೇದಿಕೆಯ ಮೇಲೆ ಆ ಕೈಗೇ ಕೊಡುವವರಿದ್ದರು. ಆಕೆ ಪುಟ ತಿರುವಿ, ಕನ್ನಡಕ ಸರಿಮಾಡಿಕೊಂಡು, ತನ್ನ ಗೊರಕೆಯ ವರ್ಣನೆ ಓದುವುದು ಕಣ್ಣಿಗೆ ಕಟ್ಟುತ್ತಿತ್ತು.

ಸಂಚಿಕೆಯ ಉಸ್ತುವಾರಿ ಬೆಳಗಾವಿಯಲ್ಲಿರುವ ಗೆಳತಿ ಲಿಲ್ಲಿಯದು. ಎಲ್ಲ ಪುಟಗಳನ್ನೂ ಒತ್ತಿ ಒಂದೇ ಗಂಟು ಕಟ್ಟಿದ ಜಿಪ್ ಫೈಲನ್ನು ಸಿಡಿಯಲ್ಲಿ ಹಾಕಿ ಕಳಿಸಿದ್ದಳು. "ಪುಟಾ, ಸಾಲು ಗುರ್ತು ಹಾಕಿಟ್ಕೊಂಡು ನಾಕು ಗಂಟೆಕ್ಕ ಪ್ರೆಸ್ಸಿಗೆ ಫೋನ್ ಮಾಡು, ನಾ ಅಲ್ಲೇ ಇರ್ತೀನಿ. ಹುಡುಕ್ಕೋತ ಕೂಡ್ಲಿಕ್ಕೆ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಆಮ್ಯಾಲೆ ಮಷೀನ್ ಓಡ್ತದ, ನಾ ಏನೂ ಮಾಡಾಂಗಿಲ್ಲ," ಎಂದಿದ್ದಳು.

ಸಿಡಿ ಹಾಕಿದೆ, ಗಂಟು ಬಿಚ್ಚೆಂದೆ. ಯಂತ್ರ ಒಂದಿಷ್ಟು ಹೊತ್ತು ತಿಣುಕಿ, ಮೆಮೊರಿ ಸಾಲದು ಎಂದಿತು. ಜಾಗ ಸಾಲದಿದ್ದರೆ ಜಾಗ ಮಾಡುವುದು ತಾನೇ ಗೃಹಿಣಿಯ ಧರ್ಮ! ನಮ್ಮವರ ಇಸ್ಪೀಟಾಟ ಅಳಿಸಿದೆ. ಕೇಳದ ಹಾಡುಗಳನ್ನು ಅಳಿಸಿದೆ. ನಾನೇ ಉತ್ಸಾಹದಿಂದ ಆರಂಭಿಸಿ ಎರಡು ಸಾಲಿಗೆ ನಿಂತ ದಿನಚರಿಯನ್ನೂ ಅಳಿಸಿದೆ. ಯಂತ್ರದ ಹೊಟ್ಟೆ ದೀಪಾವಳಿಯ ಮುಂಚಿನ ಅಟ್ಟದಂತೆ ಖಾಲಿಯಾಯಿತು. ಮತ್ತೆ ಬಿಚ್ಚೆಂದೆ. ಮೆಮೊರಿ ಸಾಲದು ಎಂದಿತು. ಗಡಿಯಾರ ಎರಡೂವರೆ ತೋರಿಸುತ್ತಿತ್ತು.

ಹಳಿಯಾಳದಲ್ಲಿ ನನಗೆ ಕಂಪ್ಯೂಟರ್ ಕಲಿಸಿದ ಪಾಟೀಲ ಮಾಸ್ತರರಿಗೆ ಫೋನ್ ಮಾಡಿದೆ.

"ಅಕ್ಕಾರ, ನೀವು ಕಪಾಟು ಖಾಲಿ ಮಾಡೀರಿ," ಎಂದರು ಅವರು. "ಬೇಕಾಗಿದ್ದು ರೊಟ್ಟಿ ಬಡಿಯೂ ಕಟ್ಟಿ. ಕಪಾಟು ಎಷ್ಟ ದೊಡ್ಡದಿದ್ರೂ ಕಟ್ಟಿ ಮ್ಯಾಲೆ ಜಾಗಾ ಇರಲಿಲ್ಲಂದ್ರ ಕೆಲಸ ಹೆಂಗ ಆಗ್ತೈತಿ? ಈಗ ಕಟ್ಟಿ ಮ್ಯಾಲೆ ಏನೇನ ಇಟ್ಟೀರಿ?"

"ಏನೂ ಇಲ್ಲರೀ, ಎಲ್ಲಾ ಮುಚ್ಚೇನಿ."

"ಬಲಗಡೆ ಮೂಲ್ಯಾಗ ನೋಡ್ರಿ."

ನೋಡಿದೆ. "ಗಡಿಯಾರ ಐತ್ರಿ. ಸ್ಪೀಕರ್ ಐತ್ರಿ. ಮತ್ತ... ಈಶ್ವರ."

"ಹಾಂ, ಅವನ ನೋಡ್ರಿ! ಅವನ್ನ ಎಬ್ಬಸ್ರಿ ಅಲ್ಲಿಂದ. ಆಮ್ಯಾಲೆ ಗಂಟು ಒಮ್ಮೆಲೇ ಬಿಚ್ಚಬ್ಯಾಡ್ರಿ, ಒಂದೊಂದ ಪುಟಾ ಹೊರಗ ತಗೀರಿ."

ಎಬ್ಬಿಸುವುದು ಹೇಗೆಂದೂ ಹೇಳಿದರು: ಮೂರು ಕೀಲಿ ಒಟ್ಟಿಗೆ ಒತ್ತಿ, ಬರುವ ಪಟ್ಟಿಯಲ್ಲಿ ಅವನ ಹೆಸರು ಆರಿಸಿ, 'ಎಂಡ್ ಟಾಸ್ಕ್' ಎನ್ನಬೇಕು. ಹೇಳುವುದು ಸುಲಭ. ಹಿಂದೆ ಚಾಪೆಯ ಮೇಲೆ ಅತ್ತೆ ಹತ್ತಿಯ ಬತ್ತಿ ಹೊಸೆಯುತ್ತ ಕೂತಿದ್ದರು. ಲಯದ ಒಡೆಯನಿಗೇ ಕೆಲಸ ಮುಗಿಸು ಎಂದು ಹೇಳಬೇಕಾದ ಸೊಸೆ, ಅದರಲ್ಲೂ ಕಾನ್ವೆಂಟಿನಲ್ಲಿ ಓದಿದ ಸೊಸೆ! ಮದುವೆಯಾದ ಹೊಸತರಲ್ಲಿ, ಇವಳು ಊಟಕ್ಕೆ ಮುಂಚೆ ಕಣ್ಣು ಮುಚ್ಚುತ್ತಾಳೆಂದು ಗಾಬರಿಯಾದ ಮನೆ ಇದು. ಕೀಲಿಗಳ ಮೇಲೆ ಬೆರಳಿಟ್ಟು ಐದು ನಿಮಿಷ ಸುಮ್ಮನೆ ಕೂತೆ.

"ಯಾಕವಾ, ಕಲ್ಲಾಗೀಯೇನು?" ಎಂದರು ಅತ್ತೆ.

ತೊದಲುತ್ತ ಎಲ್ಲ ಹೇಳಿದೆ. ಗೊರಕೆಯ ಸಾಲೊಂದನ್ನು ಬಿಟ್ಟು.

ಅತ್ತೆ ಬತ್ತಿ ಕೆಳಗಿಟ್ಟರು. "ಅಷ್ಟೇನು? ಗುಡಿ ಬಾಗಲಾ ಮಧ್ಯಾಹ್ನ ಹಾಕಂಗಿಲ್ಲೇನು? ಉಳವಿಯೊಳಗ ಹಾಕ್ತಾರ, ಎಲ್ಲಾ ಕಡೆ ಹಾಕ್ತಾರ. ನಮ್ಮ ಮನ್ಯಾಗ ಮುಂಜಾನಿಂದ ಪಾಪ ಒಂದ ಸಮನ ಕುಂದ್ರಿಸೇವಿ, ಅವಗೂ ಬೆನ್ನ ಐತಿಲ್ಲೋ?" ಎಂದವರೇ ಎದ್ದು, ಕರ್ಪೂರ ಹಚ್ಚಿ ಪರದೆಗೆ ಮೂರು ಸುತ್ತು ಬೆಳಗಿ, "ಮಲಗಪಾ," ಎಂದರು. ನನ್ನ ಕಡೆ ತಿರುಗಿ, "ಹಾಂ, ಒತ್ತು," ಎಂದರು.

ಒತ್ತಿದೆ. ಬೀಳುತ್ತಿದ್ದ ಬಿಲ್ವಪತ್ರೆ ನಡುವೆಯೇ ನಿಂತು, ಮಾಯವಾಯಿತು. ಧರ್ಮಶಾಸ್ತ್ರ ಇಷ್ಟು ಸಲೀಸೆಂದು ಗೊತ್ತಿದ್ದರೆ ಅರ್ಧ ದಿನ ಉಳಿಯುತ್ತಿತ್ತು.

ಪುಟಗಳು ಒಂದೊಂದಾಗಿ ಹೊರಬಂದವು, ಹೆರಿಗೆಯಷ್ಟೇ ನಿಧಾನವಾಗಿ. ನನ್ನ ಸಹಪಾಠಿಗಳೆಲ್ಲ ಶಿಸ್ತು, ಸೇವೆ, ತಾಯ್ತನ ಎಂದು ಬರೆದಿದ್ದರು. ಗೊರಕೆಯ ಮಾತು ಒಬ್ಬರೂ ಎತ್ತಿರಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ನನ್ನ ಪುಟ ಬಂತು. ಹನ್ನೊಂದನೆಯ ಸಾಲಿನಲ್ಲಿ ಗೊರಕೆ ಕ್ಷೇಮವಾಗಿತ್ತು.

ಪ್ರೆಸ್ಸಿಗೆ ಫೋನ್ ಮಾಡಿದೆ. ಲಿಲ್ಲಿ ಪುಟ ತೆಗೆಸಿ, ಸಾಲನ್ನು ಗಟ್ಟಿಯಾಗಿ ಓದಿದಳು. ಹಿಂದಿನಿಂದ ನಾಲ್ಕೈದು ಗಂಡಸರು ನಕ್ಕದ್ದು ಕೇಳಿಸಿತು.

"ಖರೇನ ತೆಗೀಬೇಕೇನ ಸುಮಾ?"

"ಖರೇನ ತೆಗೀಬೇಕು."

"ನಿನ್ನ ಮರ್ಜಿ," ಎಂದಳು, ಯಾಕೋ ಸಪ್ಪಗೆ.

ಫೋನ್ ಇಟ್ಟಾಗ ನನಗೆ ಒಂದು ದೊಡ್ಡ ಪಾಪದಿಂದ ಪಾರಾದ ಹಗುರ. ಸಂಜೆ ಪಕ್ಕದ ಕ್ವಾರ್ಟರ್ಸಿನ ಶಾಂತಕ್ಕ ಮೆಂತ್ಯಪಲ್ಲೆಯ ಕಟ್ಟು ಹಿಡಿದು ಬಂದು, ನಮ್ಮ ಪಡಸಾಲೆಯಲ್ಲೇ ಸೋಸುತ್ತ ಕೂತರು. ಹಗುರವಾದವರಿಗೆ ಕೇಳುಗರು ಸಿಕ್ಕರೆ ಬಿಡುತ್ತಾರೆಯೇ? ನಮ್ಮ ಸಿಸ್ಟರ್ ಮೇಲೊಂದು ಲೇಖನ ಬರೆದಿದ್ದೇನೆ, ಕೇಳಿ ಎಂದು, ಪರದೆ ನೋಡಿಕೊಂಡು ಮೊದಲಿನಿಂದ ಕೊನೆಯವರೆಗೆ ಭಾವ ತುಂಬಿ ಓದಿದೆ, ಆ ಒಂದು ಸಾಲನ್ನು ಹಾರಿಸಿ. ಶಾಂತಕ್ಕ ಕಡ್ಡಿ ಒಂದೆಡೆ, ಎಲೆ ಒಂದೆಡೆ ಹಾಕುತ್ತ, ನಡುನಡುವೆ ತಲೆದೂಗುತ್ತ ಕೇಳಿದರು. ಮುಗಿದ ಮೇಲೆ ಒಂದು ನಿಟ್ಟುಸಿರು ಬಿಟ್ಟರು.

"ಭಾಳ ಚಲೋ ಮನಷ್ಯಾರಿದ್ರು ಬಿಡ್ರಿ," ಎಂದರು, ಸೊಪ್ಪಿನಿಂದ ಕಣ್ಣೆತ್ತದೆ. "ಯಾವಾಗ ತೀರಿಕೊಂಡ್ರು?"