ಮೈಸೂರಿಗೆ ಬೆಳಗಾಗುವ ಹೊತ್ತು

ಆಕ್ಲೆಂಡಿನಲ್ಲಿ ಊಟದ ಹೊತ್ತಾಯಿತೆಂದರೆ ಮೈಸೂರಿನಲ್ಲಿ ಬೆಳಗಾಗುತ್ತದೆ. ಭೂಗೋಳದ ಪುಸ್ತಕದಲ್ಲಿ ಇದು ಬರೀ ಒಂದು ಸಾಲು. ಚಂದ್ರಮೌಳಿಯ ಪಾಲಿಗೆ ದಿನಾ ಬಂದೆರಗುವ ಕಂಟಕ.

ಆಕ್ಲೆಂಡಿನ ಮನುಕಾವ್‌ನ ಇಂಜಿನಿಯರಿಂಗ್ ಆಫೀಸಿನಲ್ಲಿ ಅವನ ಪಕ್ಕದ ಮೇಜು ಅಕೌಂಟ್ಸ್ ನೋಡಿಕೊಳ್ಳುವ ಕಮಲಾ ಆಂಟಿಯದು. ಬೆಳಗ್ಗೆಯೆಲ್ಲ ಸಾಧುವಿನಂತೆ ಮಲಗಿರುತ್ತಿದ್ದ ಆಂಟಿಯ ಫೋನು ಮಧ್ಯಾಹ್ನಕ್ಕೆ ಸರಿಯಾಗಿ ಮೈಕೊಡವಿ ಏಳುತ್ತಿತ್ತು. ಮೊದಲು ಗುಲಾಬಿ ಹೂವಿನ ಶುಭೋದಯಗಳು, ಟಿಣ್ ಟಿಣ್ ಟಿಣ್. ಆಮೇಲೆ ನಾದಸ್ವರದ ರಿಂಗ್‌ಟೋನು. ಅದು ಮೈಸೂರಿನಿಂದ ಆಂಟಿಯ ತಾಯಿ. ಅಜ್ಜಿಗೆ ಕಿವಿ ಮಂದ, ಹಾಗಾಗಿ ಆಂಟಿ ಸ್ಪೀಕರ್ ಹಾಕಿಕೊಂಡು ಕೂಗುತ್ತಿದ್ದರು.

"ಎದ್ಯಾ ಅಮ್ಮಾ? ಕಾಫಿ ಆಯ್ತಾ? ಡಿಕಾಕ್ಷನ್ ಗಟ್ಟಿಯಾಗಿ ಇಳೀತಾ?"

ಈ ಡಿಕಾಕ್ಷನ್ ಇಳಿಯುವ ಗದ್ದಲದಲ್ಲೇ ಚಂದ್ರಮೌಳಿ ಹೋದ ವಾರ ಹಿಲ್ಸ್‌ಬರೋ ಬಡಾವಣೆಯ ಚರಂಡಿ ನಕ್ಷೆಯನ್ನು ತಲೆಕೆಳಗು ಮಾಡಿ, ಕೊಳಚೆ ನೀರು ಗುಡ್ಡ ಹತ್ತುವಂತೆ ಎಳೆದಿಟ್ಟಿದ್ದ. ಮ್ಯಾನೇಜರ್ ಹೇಮಿ ಒಳ್ಳೆಯವನು, ಬೈಯಲಿಲ್ಲ. "ಶುಕ್ರವಾರ ಸಂಜೆ ಹೊಸ ನಕ್ಷೆ ನೋಡ್ತೀನಿ. ಕೆಲಸ ಕಾಯಂ ಆಗುತ್ತೋ ಇಲ್ವೋ, ಆವತ್ತೇ ಹೇಳ್ತೀನಿ" ಎಂದಿದ್ದ. ಇವತ್ತೇ ಆ ಶುಕ್ರವಾರ. ಕೆಲಸ ಹೋದರೆ ವೀಸಾ ಹೋದಂತೆ. ವೀಸಾ ಹೋದರೆ ಊರಿಗೆ ಮರಳಿ, ಫಾರಿನ್ ಅಳಿಯನೆಂದು ಹೆಣ್ಣು ಕೊಟ್ಟ ಮಾವನ ಎದುರು ನಿಲ್ಲಬೇಕು. ಆ ಚಿತ್ರ ಕಣ್ಣಿಗೆ ಕಟ್ಟಿದರೆ ಸಾಕು, ಚಂದ್ರಮೌಳಿ ನಕ್ಷೆಯನ್ನು ಮತ್ತೆ ಮೊದಲಿನಿಂದ ತಾಳೆ ನೋಡತೊಡಗುತ್ತಿದ್ದ.

ಆಂಟಿಗೆ ನೇರವಾಗಿ ಹೇಳಬಾರದೇ ಎನ್ನುತ್ತೀರಿ. ಹೇಳುವುದು ಹೇಗೆ ಸ್ವಾಮಿ? ಬಂದಿಳಿದ ದಿನ ಏರ್‌ಪೋರ್ಟಿನಿಂದ ಕರೆತಂದವರು ಅವರು, ಬಾಡಿಗೆ ಮನೆ ಹುಡುಕಿಕೊಟ್ಟವರು ಅವರು, ಈ ಕೆಲಸಕ್ಕೆ ಹೇಮಿಯ ಕಿವಿಯಲ್ಲಿ ಒಂದು ಮಾತು ಹಾಕಿದವರೂ ಅವರೇ. ಉಂಡ ಮನೆಗೆ ಎರಡು ಬಗೆಯಲಾದೀತೇ? ಹಾಗಾಗಿ ಅವನು ಸೂಚ್ಯವಾಗಿ ತಿಳಿಸೋಣವೆಂದು, ನಾದಸ್ವರ ಶುರುವಾದ ಕೂಡಲೇ ಎರಡೂ ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಕೂತ.

"ಅಯ್ಯೋ ಮೌಳಿ, ಕಿವಿ ನೋವಾ? ಮೊದ್ಲೇ ಹೇಳ್ಬಾರ್ದಾ!" ಎಂದು ಆಂಟಿ ಎದ್ದೇಬಿಟ್ಟರು. ಫೋನು ಸ್ಪೀಕರಿನಲ್ಲೇ ಇತ್ತು. "ಅಮ್ಮಾ, ಕಿವಿ ನೋವಿಗೆ ಎಷ್ಟು ಬೆಳ್ಳುಳ್ಳಿ?"

"ಯಾರಿಗೇ?"

"ಇಲ್ಲೊಬ್ಬ ಹುಡುಗಂಗೆ!"

"ಎರಡೆಸಳು ಜಜ್ಜಿ ಎಣ್ಣೇಲಿ ಕಾಯ್ಸು. ಬೇಡ ಅಂದ್ರೂ ಬಿಡ್ಬೇಡ."

ಆಂಟಿ ಬಿಡಲಿಲ್ಲ. ಆಫೀಸಿನ ಮೈಕ್ರೋವೇವಿನಲ್ಲಿ ಎಣ್ಣೆ ಕಾಯಿತು. ಮಹಡಿಗೆ ಮಹಡಿಯೇ ಬೆಳ್ಳುಳ್ಳಿ ಒಗ್ಗರಣೆಯ ಘಮ ಹೊಡೆಯಿತು. ನಾಲ್ಕು ಜನ ಸಹೋದ್ಯೋಗಿಗಳು ಸುತ್ತ ನಿಂತು ನೋಡುತ್ತಿರಲು ಚಂದ್ರಮೌಳಿ ಕತ್ತು ವಾಲಿಸಿ ಎಣ್ಣೆ ಬಿಡಿಸಿಕೊಂಡ. ಹತ್ತಿ ತುರುಕಿದ ಮೇಲೂ ನಾದಸ್ವರ ಚೆನ್ನಾಗಿಯೇ ಕೇಳುತ್ತಿತ್ತು.

ಎದುರು ಮೇಜಿನ ಹುಬ್ಬಳ್ಳಿ ಹುಡುಗ ಅಶ್ವಿನ್‌ಗೆ ಕರುಳು ಚುರುಕ್ ಎಂದಿತು. ನೀರು ಕುಡಿಯುವ ನೆಪದಲ್ಲಿ ಕರೆದುಕೊಂಡು ಹೋಗಿ ಪಿಸುಗುಟ್ಟಿದ: "ಮೌಳಿ ಅಣ್ಣಾ, ಹಿಂಗ ಅಳಕೋತ ಕುಂತ್ರ ಏನೂ ಆಗೂದಿಲ್ಲ. ಸೀದಾ ಹೇಮಿಗೆ ಹೇಳ್ರಿ. ಯಾರ ಹೆಸರೂ ತಗೀಬ್ಯಾಡ್ರಿ. ಈ ಊರಾಗ ಎಲ್ಲಾರೂ ಹಂಗ ಮಾಡತಾರ."

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದೇ. ಚಂದ್ರಮೌಳಿ ಹೋಗಿ, ಕೆಲವರ ಸ್ವಂತ ಫೋನುಗಳಿಂದ ಕೆಲಸಕ್ಕೆ ತೊಂದರೆಯಾಗುತ್ತಿದೆ ಎಂದು ತಡವರಿಸುತ್ತ ಹೇಳಿದ. ಹೇಮಿ ಗಂಭೀರವಾಗಿ ಕೇಳಿಸಿಕೊಂಡ. "ಚಿಂತೆ ಬಿಡು, ನಿನ್ನ ಹೆಸರು ಹೊರಗೆ ಬರಲ್ಲ" ಎಂದು ಬೆನ್ನು ತಟ್ಟಿದ. ಎದೆ ಹಗುರವಾದ ಚಂದ್ರಮೌಳಿ ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಕಾರಿನೊಳಗೆ ಕೂತು ನಕ್ಷೆ ಮುಗಿಸಿದ. ಈ ಸಲ ನೀರು ಕೆಳಕ್ಕೇ ಹರಿಯಿತು.

ಸಂಜೆ ಹೇಮಿ ಎಲ್ಲರನ್ನೂ ಸೇರಿಸಿದ. ಯಾರ ಹೆಸರನ್ನೂ ಹೇಳಲಿಲ್ಲ, ಮಾತು ಉಳಿಸಿಕೊಂಡ. "ಇವತ್ತಿಂದ ಎಲ್ಲರ ಸ್ವಂತ ಫೋನೂ ಒಂದೇ ಬುಟ್ಟಿಗೆ. ಆದರೆ ಮಕ್ಕಳ ಸ್ಕೂಲಿಂದ, ಮನೆಯಿಂದ ಫೋನ್ ಬರಬಹುದು, ಯಾರೂ ಆಫ್ ಮಾಡಬೇಡಿ. ಒಬ್ಬರು ಬುಟ್ಟಿ ಇಟ್ಟುಕೊಂಡು, ಬಂದ ಫೋನ್ ಎತ್ತಿ, ತುರ್ತಾದರೆ ಮಾತ್ರ ಕರೀಲಿ." ಎಲ್ಲರೂ ಸೂರು ನೋಡಿದರು. ಹೇಮಿ ನಗುತ್ತ ಮುಂದುವರಿಸಿದ: "ಅಂದ ಹಾಗೆ, ಚಂದ್ರಮೌಳಿಯ ನಕ್ಷೆ ಬಹಳ ಚೆನ್ನಾಗಿದೆ. ಅವನ ಕೆಲಸ ಇವತ್ತಿಂದ ಕಾಯಂ. ಆಫೀಸಿನ ಶಾಂತಿಯ ಬಗ್ಗೆ ಅವನಿಗಿರುವ ಕಾಳಜಿ ನಾನು ಬಲ್ಲೆ. ಬುಟ್ಟಿಯೂ ಅವನದೇ!"

ಕಾಯಂ ಎಂಬ ಮಾತಿಗೆ ಅರಳಿದ ಮುಖ ಬುಟ್ಟಿ ಎಂಬ ಮಾತಿಗೆ ಬಾಡುವಷ್ಟರಲ್ಲಿ ಚಪ್ಪಾಳೆ ಬಿದ್ದಾಗಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಕಮಲಾ ಆಂಟಿ. ಅವರೇ ಮೊದಲು ಬಂದು ಬುಟ್ಟಿಯಲ್ಲಿ ಫೋನು ಇಟ್ಟರು.

"ಯಾರೋ ಪುಣ್ಯಾತ್ಮರು ಕಂಪ್ಲೇಂಟ್ ಕೊಟ್ಟಿದ್ದು ಒಳ್ಳೇದೇ ಆಯ್ತು ಮೌಳಿ. ಕೂಗಿ ಕೂಗಿ ನನ್ ಗಂಟ್ಲು ಬಿದ್ದೋಗಿತ್ತು. ಅಮ್ಮ ಪಾಪ ಒಂಟಿ, ಹತ್ತು ಸಲ ಮಾಡ್ತಾರೆ. ಕಟ್ ಮಾಡ್ಬೇಡಪ್ಪ, ಗಾಬರಿ ಆಗ್ತಾರೆ."

ಅವರು ತಮ್ಮ ಮೇಜಿಗೆ ಹೋಗಿ ಕೂರುವುದರೊಳಗೆ ಬುಟ್ಟಿಯೊಳಗೆ ನಾದಸ್ವರ ಮೊಳಗಿತು.

"ಅಜ್ಜಿ, ನಾನು ಚಂದ್ರಮೌಳಿ! ಆಂಟಿ ಕೆಲಸದಲ್ಲಿದಾರೆ!"

"ಆಂ?"

"ಕೆಲಸದಲ್ಲಿದಾರೇ!"

"ಹಾಗಾದ್ರೆ ಅವಳ್ನ ಕರೀಬೇಡ, ಮಾಡ್ಕೊಳ್ಲಿ ಪಾಪ. ನೀನು ಬಿಡುವಾಗಿದೀಯಲ್ಲ, ಕೂತ್ಕೊ. ಇವತ್ತು ಏನಾಯ್ತು ಗೊತ್ತಾ, ಹಾಲಿನವ್ನು ಬರ್ಲೇ ಇಲ್ಲ..."

"ಅಯ್ಯೋ! ಹಾಗಾದ್ರೆ ಕಾಫಿ ಆಗಿಲ್ವಾ ಅಜ್ಜೀ?" ಚಂದ್ರಮೌಳಿ ಕುತ್ತಿಗೆಯ ನರ ಉಬ್ಬಿಸಿ ಕೂಗಿದ.

ಪಕ್ಕದ ಮೇಜಿನಿಂದ ಕಮಲಾ ಆಂಟಿ ತಲೆಯೆತ್ತಿ, ತುಟಿಯ ಮೇಲೆ ಬೆರಳಿಟ್ಟರು.

"ಸ್ವಲ್ಪ ಮೆತ್ತಗೆ ಮೌಳಿ. ಇದು ಆಫೀಸು ಕಣಪ್ಪ, ನಾವೆಲ್ಲ ಕೆಲಸ ಮಾಡ್ಬೇಡ್ವಾ?"